ಲಗ್ನಪತ್ರಿಕೆಯ ಮೇಲೆ ಉಕ್ಕಿದ ಟಿನ್ನು

ನಾನು ತಂಪು ಪಾನೀಯದ ಒಂದು ಖಾಲಿ ಟಿನ್ನು. ಮೈಮೇಲಿನ ಬಣ್ಣ ಅರ್ಧ ಉದುರಿದೆ, ಹೆಸರು ಓದಲು ಬರುವುದಿಲ್ಲ. ಅದು ಒಳ್ಳೆಯದೇ ಆಯಿತು. ನಾನು ಮಾಡಿದ ಕೆಲಸಕ್ಕೆ ಹೆಸರು ಬೇರೆ ಹೇಳಿಕೊಂಡು ಮೆರೆಯಬೇಕಾಗಿಲ್ಲ.

ಹುಟ್ಟಿದಾಗ ನಾನೊಂದು ಅಲ್ಯೂಮಿನಿಯಂ ಬಿಲ್ಲೆ. ಯಂತ್ರವೊಂದು ನನ್ನನ್ನು ಬಟ್ಟಲಿನಂತೆ ಒತ್ತಿ, ಎಳೆದು ಉದ್ದ ಮಾಡಿತು. ಎಳೆದೂ ಎಳೆದೂ ನನ್ನ ಮೈ ಕಾಗದದಷ್ಟು ತೆಳ್ಳಗಾಯಿತು. ಆಮೇಲೆ ಕೆಂಪು ಬಣ್ಣ ಬಳಿದರು, ಸಿಹಿನೀರು ತುಂಬಿದರು, ಗ್ಯಾಸು ತುಂಬಿದರು, ಕೊನೆಗೆ ಮುಚ್ಚಳ ಹಾಕಿ ಬಿಗಿದರು. ಎಲ್ಲರಿಗೂ ಮೊದಲು ತಲೆ, ಆಮೇಲೆ ಹೊಟ್ಟೆ. ನನಗೆ ಹೊಟ್ಟೆ ತುಂಬಿದ ಮೇಲೆ ತಲೆ ಬಂತು. ನನ್ನ ಬುದ್ಧಿ ಯಾಕೆ ಹೀಗಾಯಿತೆಂದು ಇದರಿಂದಲೇ ನೀವು ಊಹಿಸಬಹುದು.

ಆದರೂ ಆಗ ನನಗೆ ಬಹಳ ಜಂಬವಿತ್ತು. ಒಳಗಿನ ಗ್ಯಾಸು ಮೈಯನ್ನು ಸೆಟೆದು ನಿಲ್ಲಿಸಿತ್ತು. ಲಾರಿಯಲ್ಲಿ ಕಡೂರಿಗೆ ಬಂದು ದೊಡ್ಡ ಅಂಗಡಿಯೊಂದರ ಫ್ರಿಜ್ಜಿನಲ್ಲಿ ನಿಂತೆ. ಗಾಜಿನ ಬಾಗಿಲ ಆಚೆ ಹೋಗಿ ಬರುವವರೆಲ್ಲ ನನ್ನನ್ನೇ ನೋಡುತ್ತಿದ್ದಾರೆಂದು ತಿಳಿದಿದ್ದೆ. ಅವರು ನೋಡುತ್ತಿದ್ದದ್ದು ಪಕ್ಕದ ಮೊಸರಿನ ಪ್ಯಾಕೆಟ್ಟುಗಳನ್ನು.

ಹನ್ನೆರಡನೆಯ ದಿನ ಬಿಳಿ ಪಂಚೆ, ಹೊಸ ಶರಟಿನ ಒಬ್ಬರು ಬಂದು ನನ್ನನ್ನೂ ನನ್ನ ಐವರು ಜೊತೆಗಾರರನ್ನೂ ಕೊಂಡರು. ಅವರೇ ಬೀರೂರಿನ ಮರುಳಸಿದ್ದಪ್ಪ. ನಮ್ಮನ್ನು ಮೊಪೆಡ್ಡಿನ ಚೀಲದಲ್ಲಿಟ್ಟುಕೊಂಡು ಮನೆಗೆ ತಂದರು. ಬಾಗಿಲಲ್ಲಿ ಅವರ ಮಗಳು ದಾಕ್ಷಾಯಿಣಿ ನಿಂತಿದ್ದಳು. ಅವಳು ಚೀಲದೊಳಗೆ ಬಗ್ಗಿ ನೋಡಿ ನಕ್ಕಳು.

"ಇದ್ಯಾಕೆ ತಂದ್ರಿ ಅಪ್ಪಾಜಿ? ನಮ್ಮ ಸೋಡಾನೇ ಕೊಡಬಹುದಿತ್ತಲ್ಲ."

"ಸುಮ್ನಿರವ್ವ. ಸೋಡಾ ಮಾರೋನ ಮಗಳು ಅಂತ ಅನ್ನಿಸ್ಕೊಂಡು ಆ ಮನೆಗೆ ಹೋಗ್ತೀಯಾ?"

ಆಗ ನನಗೆ ವಿಷಯ ತಿಳಿಯಿತು. ಮರುಳಸಿದ್ದಪ್ಪ ಮೂವತ್ತು ವರ್ಷದಿಂದ ಗೋಲಿ ಸೋಡಾ ಮಾಡುವವರು. ಹೆಂಡತಿ ತೀರಿಕೊಂಡ ಮೇಲೆ ಮಗಳೂ ಯಂತ್ರದ ಚಕ್ರಕ್ಕೆ ಕೈ ಹಾಕಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ, ಮಿರ್ಚಿ ಅಂಗಡಿಗಳಲ್ಲಿ ಎಲ್ಲ ಕಡೆ ಇವರದೇ ಸೋಡಾ. ಆದರೆ ಮದುವೆ ಮಾತಿಗೆ ನಡುವೆ ನಿಂತವರು ಗಂಡಿನ ಕಡೆಗೆ ಹೇಳಿದ್ದೇ ಬೇರೆ: ಹುಡುಗಿಯ ತಂದೆಗೆ ಕೂಲ್‌ಡ್ರಿಂಕ್ಸ್ ಏಜೆನ್ಸಿ ಇದೆಯಂತೆ. ಮರುಳಸಿದ್ದಪ್ಪ ಅದನ್ನು ತಿದ್ದಲಿಲ್ಲ. ದಾಕ್ಷಾಯಿಣಿಗೆ ಇಪ್ಪತ್ತೊಂಬತ್ತು. ಇದಕ್ಕೆ ಮೊದಲು ಮೂರು ಸಂಬಂಧ ಬಂದು ಹೋಗಿದ್ದವು. ಹುಡುಗ ಉಮಾಪತಿ ಅವಳಿಗೂ ಹಿಡಿಸಿದ್ದ. ಆ ದಿನ ಮಧ್ಯಾಹ್ನ ಲಗ್ನ ಕಟ್ಟಿಸುವ ಶಾಸ್ತ್ರ. ಸೋಡಾ ಯಂತ್ರದ ಮೇಲೆ ದೊಡ್ಡದೊಂದು ಬೆಡ್‌ಶೀಟು ಹೊದಿಸಿತ್ತು. ಹಾಗೆ ಹೊದಿಸಿದ ಸುಳ್ಳಿಗೆ ಅಲಂಕಾರವಾಗಿ ನಾವು ಆರು ಜನ ಬಂದಿದ್ದೆವು.

ನಮ್ಮನ್ನು ಹೊರಗೆ ಜಗಲಿಯ ಕೆಳಗೆ, ನೆರಳಲ್ಲಿ, ಬಕೆಟ್ಟಿನ ನೀರಿನಲ್ಲಿಟ್ಟು ಮೇಲೆ ಒದ್ದೆ ಗೋಣಿ ಮುಚ್ಚಿದರು. ಗಂಡಿನ ಕಡೆಯವರು ಬಂದ ಸದ್ದು ಕೇಳಿಸಿತು. ಒಳಗೆ ಶಾಸ್ತ್ರ ಮಾಡಿಸುವ ಅಯ್ನೋರು ಚಾಪೆಯ ಮೇಲೆ ಕುಳಿತು, ಎದುರಿನ ಮಣೆಯ ಮೇಲೆ ಕಾಗದವಿಟ್ಟು, ಇಂಕ್ ಪೆನ್ನಿನಲ್ಲಿ ಲಗ್ನಪತ್ರಿಕೆಯ ಎರಡು ಪ್ರತಿ ಬರೆಯತೊಡಗಿದರಂತೆ. ಹೆಣ್ಣಿನ ಮನೆಗೊಂದು, ಗಂಡಿನ ಮನೆಗೊಂದು. ಬರೆದು, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಎಲ್ಲರೆದುರು ಓದಿದರೆ ಮದುವೆ ಗಟ್ಟಿಯಾದಂತೆ.

ಓದುವುದಕ್ಕೆ ಮುಂಚೆ ಹುಡುಗನ ದೊಡ್ಡಪ್ಪ ಗಂಗಾಧರಪ್ಪನವರು ಬಾಯಾರಿಕೆ ಎಂದರು. ಮರುಳಸಿದ್ದಪ್ಪ ಹೊರಗೆ ಓಡಿ ಬಂದು ನಮ್ಮನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ಮೆಟ್ಟಿಲೇರಿದರು. ಗಡಿಬಿಡಿಯಲ್ಲಿ ಪಂಚೆ ಕಾಲಿಗೆ ಸಿಕ್ಕಿತು, ತಟ್ಟೆ ವಾಲಿತು. ಐದು ಜನ ನಿಂತರು, ನಾನು ಬಿದ್ದೆ. ಮೂರು ಕಲ್ಲಿನ ಮೆಟ್ಟಿಲ ಮೇಲೆ ಉರುಳಿ ಅಂಗಳ ಸೇರಿದೆ.

ಫೋನಿನಲ್ಲಿ ಮಾತಾಡಲು ಹೊರಗೆ ಬಂದಿದ್ದ ಉಮಾಪತಿ ನನ್ನನ್ನು ಎತ್ತಿಕೊಂಡ. ಕರ್ಚೀಫಿನಿಂದ ಮಣ್ಣು ಒರೆಸಿ ತಟ್ಟೆಯಲ್ಲಿಟ್ಟ. "ಏನಾಗಿಲ್ಲ ಬಿಡಿ" ಎಂದ. ಇಬ್ಬರೂ ನಕ್ಕರು. ಹೊರಗಡೆ ನನಗೇನೂ ಆಗಿರಲಿಲ್ಲ, ಸಣ್ಣದೊಂದು ತಗ್ಗು ಅಷ್ಟೆ.

ಒಳಗಿನದು ಬೇರೆ ಕತೆ. ನಮ್ಮನ್ನು ಕುಲುಕಿದಾಗ ಸಾವಿರಾರು ಸಣ್ಣ ಗುಳ್ಳೆಗಳು ಎದ್ದು ಒಳಗೋಡೆಗೂ ತಳಕ್ಕೂ ಅಂಟಿ ಕೂರುತ್ತವೆ. ಆಗ ಬಾಯಿ ತೆರೆದರೆ ಅವು ಒಮ್ಮೆಗೇ ಊದಿಕೊಂಡು, ಸುತ್ತಲಿನ ನೀರನ್ನೂ ತಳ್ಳಿಕೊಂಡು ಮೇಲಕ್ಕೆ ನುಗ್ಗುತ್ತವೆ. ಉಪಾಯ ದೊಡ್ಡದೇನಲ್ಲ. ತಣ್ಣಗಿನ ಜಾಗದಲ್ಲಿ ಸುಮ್ಮನೆ ಇಟ್ಟುಬಿಡಬೇಕು. ಅವಸರವಿದ್ದರೆ ಪಕ್ಕೆಗಳ ಮೇಲೆ, ಬುಡದ ಹತ್ತಿರ, ಬೆರಳಿನಿಂದ ಮೆಲ್ಲಗೆ ತಟ್ಟಿ ಸ್ವಲ್ಪ ಹೊತ್ತು ಕಾಯಬೇಕು. ಅಂಟಿದ ಗುಳ್ಳೆಗಳು ಬಿಟ್ಟುಕೊಂಡು ಮೇಲೆ ಹೋಗಿ ಸೇರಿಕೊಳ್ಳುತ್ತವೆ. ಆಮೇಲೆ ರಿಂಗನ್ನು ಒಂದಿಷ್ಟೇ ಎತ್ತಿ, ಗ್ಯಾಸು ಹೋಗಲು ಬಿಟ್ಟು, ನಿಧಾನಕ್ಕೆ ತೆರೆಯಬೇಕು. ಎರಡು ನಿಮಿಷದ ಕೆಲಸ, ಹೆಚ್ಚೆಂದರೆ ಐದು.

ಮೂವತ್ತು ವರ್ಷ ಸೋಡಾ ಮಾಡಿದ ಮನುಷ್ಯನಿಗೆ ಇದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ಅವರು ಸೋಡಾ ಸಿದ್ದಪ್ಪ ಆಗಿರಲಿಲ್ಲ, ಏಜೆನ್ಸಿಯ ಯಜಮಾನರಾಗಿದ್ದರು.

"ಲೋಟಕ್ಕೆ ಬಗ್ಗಿಸಿಕೊಂಡು ಬಂದ್ರೆ ನಾನು ಕುಡಿಯೋದಿಲ್ಲ ಕಣ್ರೀ" ಎಂದರು ಗಂಗಾಧರಪ್ಪ. "ಯಾರು ಎಂಜಲು ಮಾಡಿರ್ತಾರೋ ಏನೋ. ಎದುರಿಗೇ ತೆಗೀರಿ."

ಮರುಳಸಿದ್ದಪ್ಪನವರ ಕೈಗೆ ತಟ್ಟೆಯ ಅಂಚಿನಲ್ಲಿದ್ದ ನಾನೇ ಸಿಕ್ಕಿದೆ. ಅಡುಗೆಮನೆಯ ಬಾಗಿಲಿನಿಂದ ದಾಕ್ಷಾಯಿಣಿಯ ಸಣ್ಣ ದನಿ ಬಂತು.

"ಅಪ್ಪಾಜಿ, ಅದು ಬೇಡ. ಅದನ್ನ ಸ್ವಲ್ಪ ಹೊತ್ತು ಹಂಗೇ ಬಿಡಿ."

"ದಿನಾ ಇಂಥವು ನೂರು ನೋಡ್ತೀನಿ" ಎಂದು ಅವರು ಎಲ್ಲರಿಗೂ ಕೇಳುವಂತೆ ನಕ್ಕರು. ಯಾರೋ ಟಿವಿಯಲ್ಲಿ ಮಾಡಿದ್ದನ್ನು ನೋಡಿದ್ದರೋ ಏನೋ, ನನ್ನ ತಲೆಯ ಮೇಲೆ ಬೆರಳಿನಿಂದ ಎರಡು ಬಾರಿ ಮೊಟಕಿದರು. ತಲೆ ಮೊಟಕಿದರೆ ತಳದ ಗುಳ್ಳೆಗೆ ಏನು ಗೊತ್ತಾಗಬೇಕು? ಬೇಡ, ಬೇಡ ಎಂದು ನನ್ನ ಮೈಯೆಲ್ಲ ಬಿಗಿದಿತ್ತು. ಅವರು ರಿಂಗು ಹಿಡಿದು ಜೋರಾಗಿ ಎಳೆದರು.

ನಾನು ಉಕ್ಕಿದೆ. ತಡೆದುಕೊಳ್ಳಲು ಆಗಲಿಲ್ಲ. ಕಂದು ಬಣ್ಣದ ನೊರೆ ಗಂಗಾಧರಪ್ಪನವರ ಶರಟಿಗೆ ಹಾರಿತು, ಅಯ್ನೋರ ಮಣೆಯ ಮೇಲೆ ಸುರಿಯಿತು, ಎರಡೂ ಪತ್ರಿಕೆಗಳ ಮೇಲೆ ಹರಿಯಿತು. ಇನ್ನೂ ಆರದಿದ್ದ ಶಾಯಿ ಕರಗಿತು. ದಾಕ್ಷಾಯಿಣಿಯ ಹೆಸರು ನೀಲಿ ನೀರಾಗಿ ಉಮಾಪತಿಯ ಹೆಸರಿನೊಳಕ್ಕೆ ಇಳಿದು, ಎರಡೂ ಸೇರಿ ಅರಿಶಿನದ ಮೂಲೆಯ ಕಡೆಗೆ ಹೋದವು. ನಾನು ಮರುಳಸಿದ್ದಪ್ಪನವರ ಕೈಯಲ್ಲೇ ಇದ್ದು ಎಲ್ಲವನ್ನೂ ನೋಡಿದೆ. ಅಂಥ ನಾಚಿಕೆ ಯಾವ ಪಾತ್ರೆಗೂ ಬರಬಾರದು.

"ಏನ್ರೀ ಇದು? ಕುಲುಕಿ ಇಟ್ಟಿದ್ರಾ?" ಎಂದರು ಗಂಗಾಧರಪ್ಪ.

ಮರುಳಸಿದ್ದಪ್ಪನವರು ನನ್ನನ್ನು ತಟ್ಟೆಗಿಟ್ಟರು. ಕೈ ಜಾರಿ ಬಿತ್ತು ಎಂದರೆ ಮುಗಿಯುತ್ತಿತ್ತು. ಅವರು ಹಾಗೆನ್ನಲಿಲ್ಲ.

"ನಮ್ಮ ಹುಡುಗಿ... ಬಕೆಟ್ಟಿಗೆ ಇಡೋವಾಗ ಕೆಡವಿಬಿಟ್ಟಳು ಅಂತ ಕಾಣುತ್ತೆ. ಎಚ್ಚರ ಸಾಲ್ದು ಅವಳಿಗೆ."

ನಾನು ಉಮಾಪತಿಯ ಕಡೆ ನೋಡಿದೆ. ನನ್ನ ಮೈಯ ಮಣ್ಣು ಒರೆಸಿದ ಕರ್ಚೀಫು ಅವನ ಜೇಬಿನಿಂದ ಇಣುಕುತ್ತಿತ್ತು. ಅವನು ತನ್ನ ಫೋನಿನ ಕಡೆ ನೋಡುತ್ತಿದ್ದ.

ದಾಕ್ಷಾಯಿಣಿ ಬಟ್ಟೆ ತಂದು ನೆಲ ಒರೆಸಿದಳು. ತಂದೆಯನ್ನು ಒಮ್ಮೆ ನೋಡಿದಳು, ಅಷ್ಟೆ. "ಲಗ್ನ ಕಟ್ಟೋ ದಿನಾನೇ ಹಿಂಗಾಯ್ತಲ್ಲ" ಎನ್ನುತ್ತ ಗಂಗಾಧರಪ್ಪನವರು ಎದ್ದರು. ಯೋಚನೆ ಮಾಡಿ ತಿಳಿಸುತ್ತೇವೆಂದು ಗಂಡಿನ ಕಡೆಯವರೆಲ್ಲ ಹೊರಟರು. ಒದ್ದೆ ಕಾಗದಗಳು ಮಣೆಗೆ ಅಂಟಿಕೊಂಡು ಉಳಿದವು. ಅವನ್ನು ಬಿಡಿಸುವಾಗ ಅಯ್ನೋರೂ ತಲೆ ಎತ್ತಲಿಲ್ಲ.

ದಾಕ್ಷಾಯಿಣಿ ನನ್ನನ್ನು ತೊಳೆದು ಸೋಡಾ ಯಂತ್ರದ ಹತ್ತಿರದ ಕಿಟಕಿಯಲ್ಲಿಟ್ಟಳು. ಯಾಕಿಟ್ಟಳೋ ಗೊತ್ತಿಲ್ಲ. ಮರುಳಸಿದ್ದಪ್ಪನವರು ಚಕ್ರದ ಬಳಿ ಬಂದಾಗಲೆಲ್ಲ ನನ್ನನ್ನು ನೋಡಲೇಬೇಕಾಗುತ್ತಿತ್ತು, ನಾನು ಅವರನ್ನು. ತಪ್ಪು ಮಾಡಿದವರಿಬ್ಬರು ಹಾಗೆ ಎದುರುಬದುರಾಗಿ ಹತ್ತು ದಿನ ಕಳೆದೆವು. ತಂದೆ ಮಗಳು ಸೋಡಾ ತುಂಬುತ್ತಿದ್ದರು, ಮಾತಾಡುತ್ತಿರಲಿಲ್ಲ. ಯಾರಾದರೂ ಬಂದರೆಂದರೆ ಸಾಕು, ಮರುಳಸಿದ್ದಪ್ಪ ಬೇಗ ಬೆಡ್‌ಶೀಟು ಎಳೆದು ಹೊದಿಸುತ್ತಿದ್ದರು. ಲಗ್ನಪತ್ರಿಕೆ ತೊಳೆದುಹೋಗುವಂತೆ ಮಾಡಿದ ಹುಡುಗಿ ಎಂದು ಬೀದಿಯಲ್ಲಿ ಮಾತು ಹುಟ್ಟಿತ್ತು. ಎದುರುಮನೆಯವರು ಕಿಟಕಿಯಾಚೆ ನಿಂತು ಆಡಿದ್ದನ್ನು ನಾನೇ ಕೇಳಿಸಿಕೊಂಡೆ. ಮಾಡಿದವನು ನಾನು, ಹೆಸರು ಅವಳದು.

ಹನ್ನೊಂದನೆಯ ದಿನ ಉಮಾಪತಿ ಒಬ್ಬನೇ ಬೈಕಿನಲ್ಲಿ ಬಂದ. ಹೇಳದೆ ಬಂದಿದ್ದರಿಂದ ಬೆಡ್‌ಶೀಟು ಹೊದಿಸಲು ಆಗಲಿಲ್ಲ. ಅವನು ಯಂತ್ರವನ್ನು ನೋಡಿ, ಏನೂ ಕೇಳದೆ, ಕುರ್ಚಿಯ ತುದಿಯಲ್ಲಿ ಕೂತ.

"ದೊಡ್ಡಪ್ಪ ಒಪ್ಪಿದಾರೆ" ಎಂದ. ಮರುಳಸಿದ್ದಪ್ಪನವರ ಮುಖ ಅರಳಿತು. "ಒಂದೇ ಒಂದು. ದಾಕ್ಷಾಯಿಣಿಯವರು ನಮ್ಮ ಮನೆಗೆ ಬಂದು, ಕೆಡವಿದ್ದು ನಾನೇ, ತಪ್ಪಾಯ್ತು ಅಂತ ಅಂದ್ಬಿಟ್ರೆ ಹೊಸ ಪತ್ರಿಕೆ ಬರೆಸ್ತಾರಂತೆ. ಒಂದು ಮಾತು, ಅಷ್ಟೇ."

ಮರುಳಸಿದ್ದಪ್ಪ ನೆಲ ನೋಡಿದರು. ದಾಕ್ಷಾಯಿಣಿ ಎದ್ದು ಬಾಟಲಿಯೊಂದನ್ನು ಯಂತ್ರಕ್ಕೆ ಸಿಕ್ಕಿಸಿ, ಗ್ಯಾಸು ಬಿಟ್ಟು ಚಕ್ರ ತಿರುಗಿಸಿದಳು. ತೆಗೆದ ಬಾಟಲಿಯನ್ನು ತಣ್ಣೀರಿನಲ್ಲಿ ಅದ್ದಿ, ಪಕ್ಕೆಗಳ ಮೇಲೆ ಉಗುರಿನಿಂದ ಮೆಲ್ಲಗೆ ತಟ್ಟಿದಳು. ಉಮಾಪತಿ ಕೈ ಚಾಚಿದ.

"ತಾಳಿ" ಎಂದಳು.

ಅವನು ಕಾದ. ಒಳಗಿನ ಗುಳ್ಳೆಗಳು ಒಂದೊಂದಾಗಿ ಮೇಲೆ ಹೋಗುವುದು ನನಗೆ ಕಿಟಕಿಯಿಂದ ಕಾಣುತ್ತಿತ್ತು. ಆಮೇಲೆ ಅವಳು ಹೆಬ್ಬೆರಳಿನಿಂದ ಗೋಲಿಯನ್ನು ಸ್ವಲ್ಪ ಒತ್ತಿ, ಗ್ಯಾಸನ್ನು ಸುಯ್ಯೆಂದು ಬಿಟ್ಟು, ಪೂರ್ತಿ ಒತ್ತಿದಳು. ಒಂದು ಹನಿಯೂ ಹೊರಗೆ ಬರಲಿಲ್ಲ. ನಾಚಿಕೆಯಿಂದ ನನಗೆ ಎಲ್ಲಾದರೂ ಉರುಳಿಹೋಗೋಣ ಅನ್ನಿಸಿತು.

"ಕುಡೀರಿ. ನಮ್ಮ ಮನೆ ಸೋಡಾ. ಏಜೆನ್ಸಿ ಗೀಜೆನ್ಸಿ ಏನೂ ಇಲ್ಲ. ಹನ್ನೆರಡು ವರ್ಷದಿಂದ ನಾನೇ ತುಂಬ್ತಾ ಇದೀನಿ. ಯಾರ ಮೈಮೇಲೂ ಉಕ್ಕಿಸಿಲ್ಲ."

ಆಗ ಮರುಳಸಿದ್ದಪ್ಪ ಬಾಯಿ ಬಿಟ್ಟರು.

"ಕೆಡವಿದ್ದು ನಾನಪ್ಪ. ಅವಳಲ್ಲ."

"ಗೊತ್ತು ಬಿಡಿ" ಎಂದ ಉಮಾಪತಿ. "ನಾನೇ ಎತ್ತಿಕೊಟ್ನಲ್ಲ. ಅದಕ್ಕೇನೀಗ, ದೊಡ್ಡೋರ ಸಮಾಧಾನಕ್ಕೆ ಇವರು ಒಂದು ಮಾತು ಅಂದ್ರೆ ಏನು ಹೋಯ್ತು?"

ಬಹಳ ಸಲೀಸಾಗಿ ಅಂದ. ಸೋಡಾ ಒಂದು ಗುಟುಕು ಕುಡಿದು, ಚೆನ್ನಾಗಿದೆ ಎಂದೂ ಅಂದ.

ದಾಕ್ಷಾಯಿಣಿ ಅವನನ್ನೇ ನೋಡುತ್ತಿದ್ದಳು. "ಅಡುಗೆಮನೆ ಕಿಟಕೀಲಿ ನಾನೂ ನೋಡ್ತಿದ್ದೆ" ಎಂದಳು. "ಅಪ್ಪಾಜಿ ಹೆದರಿ ಸುಳ್ಳು ಹೇಳಿದ್ರು. ಈ ಸಂಬಂಧಾನೂ ತಪ್ಪಿಹೋಗುತ್ತೆ ಅಂತ ಹೆದರಿಕೆ. ನಿಮಗೆ ಏನು ಹೆದರಿಕೆ ಇತ್ತು?"

ಉಮಾಪತಿ ಬಾಟಲಿ ಕೆಳಗಿಟ್ಟ. ಅವನು ಕೆಟ್ಟವನೇನಲ್ಲ, ಇದನ್ನು ನಾನು ಹೇಳಲೇಬೇಕು. ಅವನ ಮುಖವೂ ಕೆಂಪಾಗಿತ್ತು.

"ಸೋಡಾ ಪೂರ್ತಿ ಕುಡಿದು ಹೊರಡಿ" ಎಂದಳು ಅವಳು. "ನಿಮ್ಮ ದೊಡ್ಡಪ್ಪಂಗೆ ಹೇಳಿ, ನಾನು ಬರಲ್ಲ."

ಬೈಕಿನ ಸದ್ದು ದೂರವಾದ ಮೇಲೆ ಮರುಳಸಿದ್ದಪ್ಪ ಅಲ್ಲೇ ನೆಲದ ಮೇಲೆ ಕೂತರು. "ತಪ್ಪಾಯ್ತು ಕಣವ್ವ" ಎಂದರು. ದಾಕ್ಷಾಯಿಣಿಯ ಕಣ್ಣಲ್ಲಿ ಆಗ ನೀರು ಬಂತು. ಹುಡುಗ ಅವಳಿಗೆ ಹಿಡಿಸಿದ್ದ ಎಂದೆನಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು ಅವಳು ಹೇಳಿದಳು:

"ನನಗೆ ಹೇಳಿದ್ರೆ ಏನು ಬಂತು ಅಪ್ಪಾಜಿ? ನನಗೆ ಮೊದಲೇ ಗೊತ್ತಿತ್ತು. ಅವತ್ತು ಕೇಳಿಸಿಕೊಂಡೋರಿಗೆ ಹೇಳಿ."

ಮರುದಿನ ಬೆಳಿಗ್ಗೆ ಅವರು ಮೊಪೆಡ್ಡು ಹತ್ತಿ ಗಂಡಿನ ಮನೆಗೆಂದು ತರೀಕೆರೆ ಕಡೆಗೆ ಹೊರಟರು. ಸಂಜೆ ತಿರುಗಿ ಬಂದು ಚಪ್ಪಲಿ ಬಿಡುತ್ತ, "ಹೇಳಿ ಬಂದೆ" ಎಂದರು.

"ಏನಂದ್ರು?"

"ಏನೂ ಅನ್ಲಿಲ್ಲ. ಕಾಫಿ ಕೊಟ್ರು. ದಾರೀಲಿ ಅಯ್ನೋರ ಮನೇಗೂ ಹೋಗಿದ್ದೆ, ಎದುರುಮನೆಗೂ ಈಗ ಹೇಳಿ ಬಂದೆ."

ಹೋದ ಮದುವೆ ತಿರುಗಿ ಬರಲಿಲ್ಲ. ಆದರೆ ಆ ರಾತ್ರಿ ತಂದೆ ಮಗಳು ಒಟ್ಟಿಗೆ ಊಟಕ್ಕೆ ಕೂತರು, ಬೆಡ್‌ಶೀಟು ಮಂಚಕ್ಕೆ ಹೋಯಿತು. ಈಗ ಆ ಮನೆಗೆ ಯಾರೇ ಬಂದರೂ ಸೋಡಾ ಕೊಡುತ್ತಾರೆ.

ಅದಾಗಿ ಕೆಲವು ತಿಂಗಳಿಗೆ ಮನೆಗೆ ಸುಣ್ಣ ಹೊಡೆಯುವಾಗ ನನ್ನನ್ನು ಗುಜರಿಯ ಹೆಂಗಸಿಗೆ ಹಾಕಿದರು. ಈಗ ನಾನು ಗುಜರಿ ಅಂಗಡಿಯ ಹಿಂದೆ, ಒಡೆದ ಬಕೆಟ್ಟು, ತುಕ್ಕು ಹಿಡಿದ ತಗಡುಗಳ ನಡುವೆ ಇದ್ದೇನೆ. ಮರುಳಸಿದ್ದಪ್ಪನವರು ಮನೆಮನೆಗೆ ಹೋಗಿ ಹೇಳಿ ಹಗುರಾದರು. ನನಗೆ ಆ ದಾರಿ ಇಲ್ಲ. ನೆಲ ಒರೆಸುತ್ತಿದ್ದ ದಾಕ್ಷಾಯಿಣಿಯ ಬಗ್ಗಿದ ಬೆನ್ನು ಈಗಲೂ ನನ್ನ ಕಣ್ಣೆದುರಿಗಿದೆ. ಅದಕ್ಕೇ ಇಷ್ಟನ್ನೂ ನಿಮ್ಮೆದುರು ಹೇಳಿಕೊಂಡೆ.

ನಮ್ಮನ್ನು ಕರಗಿಸಿ ಮತ್ತೆ ಟಿನ್ನೇ ಮಾಡುತ್ತಾರಂತೆ. ಎಂದಾದರೂ ನಿಮ್ಮ ಮನೆಗೆ ಬಂದೇನು. ಕೈ ಜಾರಿ ನಾನು ಬಿದ್ದರೆ ಗಾಬರಿಯಾಗಬೇಡಿ. ತಣ್ಣಗಿನ ಕಡೆ ಇಡಿ, ಪಕ್ಕೆ ತಟ್ಟಿ, ಐದು ನಿಮಿಷ ಕಾಯಿರಿ. ಆ ಐದು ನಿಮಿಷದಲ್ಲಿ, ಬೀಳಿಸಿದ್ದು ನಾನೇ ಎಂದು ಮನೆಯವರೆದುರು ಹೇಳಿಬಿಡಿ.