ನಾಲ್ಕು ಬೆರಳು ಹಸಿರು ನೂಲು

ದಾನೇಶ್ವರಿಗೆ ಪುಸ್ತಕ ಕೊಡಲು ಬೆಳಗಾವಿಯ ಲೇಖಕರು ಹೆದರುತ್ತಿದ್ದರು. ಕೊಡದೆ ಇರಲು ಇನ್ನೂ ಹೆದರುತ್ತಿದ್ದರು. ಮಹಾಂತೇಶ ನಗರದ ಹೆಣ್ಣುಮಕ್ಕಳ ಓದುಕೂಟದಲ್ಲಿ ತಿಂಗಳ ಎರಡನೆಯ ಶನಿವಾರ ಅವಳು ಎದ್ದು ನಿಂತು ‘ಈ ತಿಂಗಳು ಓದಿದ್ದು’ ಎಂದು ಶುರು ಮಾಡಿದರೆ ಅವಲಕ್ಕಿ ತಿನ್ನುವವರು ಕೂಡ ಚಮಚ ಕೆಳಗಿಡುತ್ತಿದ್ದರು. ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷ ಕನ್ನಡ ಕಲಿಸಿದ ಹೆಂಗಸು. ಮುಖ ನೋಡಿ ಮಾತಾಡುವ ಅಭ್ಯಾಸ ಅವಳಿಗಿರಲಿಲ್ಲ.

ಆ ತಿಂಗಳು ಅವಳು ಮೂರು ಪುಸ್ತಕ ಮುಗಿಸಿದ್ದಳು. ನಿವೃತ್ತ ಅರಣ್ಯಾಧಿಕಾರಿಯೊಬ್ಬರ ನೆನಪುಗಳ ಬಗ್ಗೆ, “ಹುಲಿ ಇವರನ್ನ ನೋಡಿದ್ದು ಖರೇ ಇರಬೇಕು, ಇವರು ಹುಲಿ ನೋಡಿಲ್ಲ” ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಳು. ಡಾಕ್ಟರೊಬ್ಬರ ಕವನಗಳ ಬಗ್ಗೆ ಹೇಳಿದ್ದನ್ನು ಇಲ್ಲಿ ಬರೆಯದಿರುವುದೇ ಒಳ್ಳೆಯದು, ಆ ಡಾಕ್ಟರರು ಇನ್ನೂ ಪ್ರಾಕ್ಟೀಸ್ ಮಾಡುತ್ತಿದ್ದಾರೆ. ಆದರೆ ಒಬ್ಬ ಹೊಸ ಹುಡುಗಿಯ ಕಾದಂಬರಿ ಓದಿ ಮಾತ್ರ ಅವಳು ಅತ್ತಿದ್ದಳು. ಅದರಲ್ಲಿ ಅಡುಗೆಮನೆಯ ಗೋಡೆಗೆ ಒಂದು ಮೊಳೆ ಇತ್ತು, ಏನನ್ನೂ ತೂಗುಹಾಕದ ಬರೀ ಮೊಳೆ. “ಕತಿಗೆ ಆ ಮೊಳಿ ಬೇಕಾಗಿಲ್ಲ. ತಗದ್ರ ಏನೂ ಕಡಿಮಿ ಆಗೂದಿಲ್ಲ. ಅದಕ್ಕ ಹೇಳತೀನಿ, ಆ ಹುಡುಗಿ ಆ ಮೊಳಿ ಕಣ್ಣಾರೆ ಕಂಡಾಳ” ಅಂದಳು. ಅವಳ ಓದಿನ ಸೂತ್ರವೇ ಇದು. ಕಟ್ಟಿದ ವಿವರ ಕಥೆಯ ಕೆಲಸ ಮಾಡುತ್ತಿರುತ್ತದೆ, ಕಂಡ ವಿವರ ಸುಮ್ಮನೆ ಬಂದು ಕೂತಿರುತ್ತದೆ.

ಓದಿದ್ದನ್ನೆಲ್ಲ ತಾರೀಖಿನ ಸಮೇತ ಡೈರಿಯಲ್ಲಿ ಬರೆದಿಡುವುದು ಅವಳಿಗೆ ಹದಿನೆಂಟನೆಯ ವಯಸ್ಸಿನಿಂದ ಬಂದ ಚಟ. ಓದದ ದಿನವಿದ್ದರೆ ಯಾಕೆ ಓದಲಿಲ್ಲ ಎಂದೂ ಬರೆಯುತ್ತಿದ್ದಳು. ಮೂವತ್ತೈದು ಡೈರಿಗಳು ಅಲಮಾರಿಯ ಕೆಳಗಿನ ಖಾನೆಯಲ್ಲಿ ಸಾಲಾಗಿ ಕೂತಿದ್ದವು. ಗಂಡ ಪ್ರಸಾದ ಅವನ್ನು ನೋಡಿ ನಗುತ್ತಿದ್ದ. ನಗುವ ಕಾಲ ಮುಗಿಯುತ್ತ ಬಂದಿದೆಯೆಂದು ಅವನಿಗೇನು ಗೊತ್ತು?

ನಾಲ್ಕನೆಯ ಪುಸ್ತಕ ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನಿಂದ ಬಂತು. ತಂದವಳು ಅಕ್ಕನ ಮಗಳು ನಿಖಿತಾ. ಬರೆದವರು ಅವಳ ಅಪ್ಪ ಗುರುಪುತ್ರಪ್ಪ, ನಿವೃತ್ತ ಹೆಡ್‌ಮಾಸ್ತರು. ಮೊದಲ ಕಥಾಸಂಕಲನ. ಬರುವ ಭಾನುವಾರ ಖಾನಾಪುರದಲ್ಲಿ ಬಿಡುಗಡೆ, ಪುಸ್ತಕದ ಬಗ್ಗೆ ಚಿಗವ್ವನೇ ಮಾತಾಡಬೇಕು ಎಂದು ಅಪ್ಪನ ಹಟ.

“ಎಲ್ಲಾ ನಾನ ಟೈಪ್ ಮಾಡೀನಿ ಚಿಗವ್ವಾ. ಭಾಳ ಬೈಬ್ಯಾಡ ಮತ್ತ” ಎಂದು ನಿಖಿತಾ ನಕ್ಕಳು.

ಆ ಮನೆಗೂ ಈ ಮನೆಗೂ ನಡುವೆ ಉಳಿದಿದ್ದ ಎಳೆ ಈ ಹುಡುಗಿಯೊಬ್ಬಳೇ. ಅವಳ ತಾಯಿ ಗೌರವ್ವ ದಾನೇಶ್ವರಿಯ ಅಕ್ಕ. ಇಪ್ಪತ್ತೆರಡು ವರ್ಷದ ಹಿಂದೆ, ದೀಪಾವಳಿ ಮುಗಿದ ಮೇಲೊಂದು ಗುರುವಾರ, ಎರಡು ವರ್ಷದ ಮಗುವನ್ನು ಬಾಜು ಮನೆಯ ನಿಂಗವ್ವನ ಹತ್ತಿರ ಬಿಟ್ಟು ಬೆಳಗಾವಿಯ ಖಾಸಬಾಗದ ತವರಿಗೆ ಬಂದಿದ್ದಳು. ಮಧ್ಯಾಹ್ನ ಉಂಡು, ಎರಡರ ಬಸ್ಸು ಹತ್ತಿದಳು. ಮೂರನೆಯ ದಿನ ಗುರುಪುತ್ರಪ್ಪ ಬಂದು ಬಾಗಿಲಲ್ಲಿ ನಿಂತ. “ಗೌರವ್ವನ್ನ ಕಳಸಲಿಲ್ಲಲ್ಲ?” ಎಂದ. ಬಸ್ಸು ಹತ್ತಿದವಳು ಬೀಡಿಯಲ್ಲಿ ಇಳಿಯಲೇ ಇಲ್ಲ ಎಂದ. ಮುಂದಿನ ವಾರ, ಲೋಂಡಾ ಸ್ಟೇಷನ್ನಿನಲ್ಲಿ ಗೋವಾ ಗಾಡಿಗೆ ಒಬ್ಬ ಗಂಡಸಿನ ಜೊತೆ ಕಾಯುತ್ತ ನಿಂತಿದ್ದಳಂತೆ ಎಂಬ ಸುದ್ದಿಯನ್ನೂ ಅವನೇ ತಂದ. ದಾನೇಶ್ವರಿಯ ಅಪ್ಪ ಮರ್ಯಾದೆಗೆ ಅಂಜಿ ಪೊಲೀಸರ ಹತ್ತಿರ ಹೋಗಲಿಲ್ಲ. ಒಮ್ಮೆ ಮಾತ್ರ ಬೀಡಿಗೆ ಹೋಗಿ ಮೊಮ್ಮಗಳನ್ನು ನೋಡಿ ಬಂದು, “ಎಮ್ಮಿ ಮಾರ್ಯಾನ, ಹಿತ್ತಲ ಕೊಟಗ್ಯಾಗ ಹೊಸಾ ಕಲ್ಲ ಫರಸಿ ಹಾಕ್ಯಾನ” ಎಂದಷ್ಟೇ ಹೇಳಿದ. ಆಮೇಲೆ ಖಾಸಬಾಗದ ಮನೆಯಲ್ಲಿ ಗೌರವ್ವನ ಹೆಸರು ಯಾರೂ ಎತ್ತಲಿಲ್ಲ. ನಿಖಿತಾ ತಾಯಿಯನ್ನು ‘ಆಕಿ’ ಎನ್ನುತ್ತಿದ್ದಳು. ಅವ್ವ ಎಂದದ್ದನ್ನು ಯಾರೂ ಕೇಳಿರಲಿಲ್ಲ.

ದಾನೇಶ್ವರಿ ಪೆನ್ಸಿಲ್ ಹಿಡಿದು ಓದಲು ಕೂತಳು. ಮೊದಲ ಐದು ಕಥೆ ಸಾಲೆಯ ಗೋಡೆಬರಹದಂತಿದ್ದವು. ಕುಡುಕ ತಿದ್ದಿಕೊಳ್ಳುತ್ತಾನೆ, ಸೊಸೆ ಬುದ್ಧಿ ಕಲಿಯುತ್ತಾಳೆ. ಅಂಚಿನಲ್ಲಿ ‘ಅಯ್ಯೋ’ ಎಂದು ಬರೆದಳು. ಆರನೆಯದು ಹೆಂಡತಿ ಬಿಟ್ಟುಹೋದ ಗಂಡನ ಕಥೆ. ಅದನ್ನು ಓದುತ್ತ ಅವಳ ಬೆನ್ನು ನೆಟ್ಟಗಾಯಿತು. ಅಕ್ಕನ ಗಂಡ, ಈ ಮಾಮಾ, ಎಲ್ಲಿಂದ ತಂದನಪ್ಪ ಈ ಭಾಷೆ? ಒಂದು ಮಾತೂ ಹೆಚ್ಚಿಲ್ಲ, ಎಲ್ಲೂ ನೀತಿ ಇಲ್ಲ. ಕಥೆಯ ಗಂಡ ಹಿತ್ತಲಿನಲ್ಲಿ ಕೂತು ಹೆಂಡತಿಯನ್ನು ನೆನೆಯುತ್ತಾನೆ. ಅವಳ ಹೆಜ್ಜೆ, ಅವಳ ಕೆಮ್ಮು. ಆಮೇಲೆ ಎಪ್ಪತ್ತೊಂದನೆಯ ಪುಟದಲ್ಲಿ ಈ ಸಾಲು ಬಂತು:

‘ಲಿಂಗದ ಕರಡಿಗೆಗೆ ಕಟ್ಟಿದ್ದ ಬಿಳಿಯ ಶಿವದಾರಕ್ಕೆ ತುದಿಯಲ್ಲಿ ನಾಲ್ಕು ಬೆರಳಿನಷ್ಟು ಹಸಿರು ನೂಲು ಸೇರಿಸಿ ಹೆಣೆದಿದ್ದರು. ಅದು ಅವಳ ಕೊರಳಿನ ಎಡಬದಿಗೆ ಜರುಗಿ ಬಂದಿತ್ತು.’

ದಾನೇಶ್ವರಿ ಅಭ್ಯಾಸದಂತೆ ಅಡಿಗೆರೆ ಎಳೆದಳು. ಅಂಚಿನಲ್ಲಿ ಬರೆದಳು: ‘ಕಂಡದ್ದು’. ಬರೆದ ಮೇಲೆ ತಾನು ಬರೆದದ್ದನ್ನೇ ನೋಡಿದಳು. ಪೆನ್ಸಿಲ್ ಕೆಳಗಿಟ್ಟಳು.

ಆ ಶಿವದಾರ ಹೆಣೆದವಳು ಅವಳೇ. ಅಕ್ಕನ ಹಳೆಯ ದಾರ ಸವೆದಿತ್ತು. ಆ ಗುರುವಾರ ಮುಂಜಾನೆ ಖಾಸಬಾಗದ ಮನೆಯ ಪಡಸಾಲೆಯಲ್ಲಿ ಕೂತು ಹೊಸದು ಹೆಣೆಯುವಾಗ ಬಿಳಿ ನೂಲು ಮುಗಿದು, ಬಾಜು ಮಗ್ಗದವರ ಮನೆಯಿಂದ ಹಸಿರು ನೂಲು ತಂದು ಸೇರಿಸಿದ್ದಳು. “ಯಾರ ನೋಡತಾರ, ಕುಬಸದ ಒಳಗ ಇರತೈತಿ” ಎಂದು ಅಕ್ಕ ನಕ್ಕಿದ್ದಳು. ಲಿಂಗಪೂಜೆ ಮುಗಿಸಿ, ಹೊಸ ದಾರ ಹಾಕಿಕೊಂಡು, ಬಸ್ಸು ಹತ್ತಿದ್ದಳು. ಬೀಡಿಯಲ್ಲಿ ಇಳಿಯದವಳ ಕೊರಳಿನ ದಾರವನ್ನು ಬೀಡಿಯ ಗಂಡ ಎಲ್ಲಿ ಕಂಡ?

ಡೈರಿ ತೆಗೆದಳು. 2002, ನವೆಂಬರ್ 7, ಗುರುವಾರ. ಬರೆದದ್ದು ಇತ್ತು. ಎರಡು ಸಲ ಓದಿದಳು.

ಇಲ್ಲಿ ಅವಳೊಂದು ತಪ್ಪು ಮಾಡಿದಳು. ಡೈರಿ ಮುಚ್ಚುವ ಮೊದಲೇ ನಿಖಿತಾಗೆ ಫೋನ್ ಹಚ್ಚಿ, “ಆ ಹಸರ ನೂಲಿನ ಸಾಲು ನಿಮ್ಮಪ್ಪನ ಬರದಾರೇನ?” ಎಂದಳು.

“ಹೌದು. ಯಾಕ?”

“ಏನಿಲ್ಲ. ಆ ದಾರ ನಾ ಹೆಣದದ್ದು, ಅದಕ್ಕ ಕೇಳಿದ್ನಿ.”

ನಿಖಿತಾ ಅದನ್ನು ಊಟಕ್ಕೆ ಕೂತಾಗ ಅಪ್ಪನಿಗೆ ಖುಷಿಯಿಂದಲೇ ಹೇಳಿದಳಂತೆ. ಮರುದಿನ ಹತ್ತು ಗಂಟೆಗೆಲ್ಲ ಗುರುಪುತ್ರಪ್ಪ ಮಹಾಂತೇಶ ನಗರದ ಮನೆಯ ಗೇಟು ತೆಗೆಯುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಆ ಮನೆಗೆ ಕಾಲಿಡದವನು. ಪ್ರಸಾದ ಬ್ಯಾಂಕಿಗೆ ಹೋಗಿದ್ದ.

“ಬರ್ರಿ ಮಾಮಾ, ಕುಂದರ್ರಿ.”

ಕೂತ. ಬಿಳಿ ಅಂಗಿ, ಹಣೆಯ ತುಂಬ ವಿಭೂತಿ, ಸಣ್ಣ ದನಿ. ನೀರು ಕೊಟ್ಟರೆ ಕುಡಿಯಲಿಲ್ಲ, ಲೋಟ ಹಿಡಿದುಕೊಂಡೇ ಇದ್ದ. ಟೀಪಾಯಿಯ ಮೇಲೆ ಅವನ ಪುಸ್ತಕವಿತ್ತು. ಅದನ್ನು ಎತ್ತಿಕೊಂಡು ಹಾಳೆ ತಿರುವಿದ. ಎಪ್ಪತ್ತೊಂದಕ್ಕೆ ಬಂದು ನಿಂತ. ರಾತ್ರಿಯೇ ಅವಳು ಪೆನ್ಸಿಲ್ ಗುರುತನ್ನು ಅಳಿಸಿದ್ದಳು, ಆದರೆ ರಬ್ಬರಿನ ಪುಡಿ ಹಾಳೆಯ ನಡುವೆ ಉಳಿದಿತ್ತು. ಗುರುಪುತ್ರಪ್ಪ ಅದನ್ನು ಬೆರಳಿನಿಂದ ಒರೆಸಿ, ಬೆರಳು ನೋಡಿಕೊಂಡ.

“ಗೌರವ್ವನ ಶಿವದಾರ ನೀ ಹೆಣದಿದ್ದಿಯಂತ.”

“ಹೌದ್ರಿ.”

“ಯಾವಾಗ ಹೆಣದಿದ್ದಿ?”

ಎಷ್ಟು ಮೆತ್ತಗೆ ಕೇಳಿದ! ಒಳಗೆ ಕುಕ್ಕರ್ ಸೀಟಿ ಹೊಡೆಯಿತು. ಅವಳು ಏಳಲಿಲ್ಲ. ಈ ಒಂದು ಮಾತಿಗೆ ತಾನು ಏನು ಹೇಳುತ್ತೇನೋ ಅದರ ಮೇಲೆ ಎಲ್ಲವೂ ನಿಂತಿದೆ, ಬಹುಶಃ ತನ್ನ ಜೀವವೂ, ಎಂದು ಅವಳಿಗೆ ಸ್ಪಷ್ಟವಾಗಿ ತಿಳಿಯಿತು. ಬೀಡಿಯ ಮನೆಯಲ್ಲಿ ಇವನ ಜೊತೆ ಒಂದೇ ಸೂರಿನಡಿ ನಿಖಿತಾ ಇದ್ದಳು. ಓದಿದ್ದರ ಬಗ್ಗೆ ಜನ್ಮದಲ್ಲಿ ಸುಳ್ಳು ಹೇಳದ ದಾನೇಶ್ವರಿ ನಕ್ಕಳು.

“ನಿಖಿತಾ ಹೊಟ್ಟ್ಯಾಗಿದ್ದಾಗ್ರಿ. ಕುಬಸದ ಕಾರ್ಯಕ್ಕ ಬಂದಿದ್ಲಲ್ಲ, ಆವಾಗ. ನೀವು ದಿನಾ ನೋಡೇ ಇರತೀರಿ ಬಿಡ್ರಿ.”

ಗುರುಪುತ್ರಪ್ಪನ ಮುಖದ ಬಿಗಿ ಸಡಿಲಾಯಿತು. ಭುಜ ಇಳಿಯಿತು. ಲೋಟದ ನೀರನ್ನು ಒಂದೇ ಗುಟುಕಿಗೆ ಕುಡಿದ. ಸಾವಿರ ಪುಸ್ತಕ ಓದಿದವಳು ಆ ಮುಖವನ್ನು ಓದಲಾರಳೇ? ಸಂಶಯವೆಂದು ಏನು ಉಳಿದಿತ್ತೋ ಅದು ಆ ನೀರಿನ ಜೊತೆ ಇಳಿದುಹೋಯಿತು.

“ಹೌದೌದು, ದಿನಾ ನೋಡ್ತಿದ್ದೆ” ಎಂದ. ಚಹಾ ಕುಡಿದ, ಚುರುಮುರಿ ತಿಂದ, ಇನ್ನೊಂದಿಷ್ಟು ಹಾಕಿಸಿಕೊಂಡ. ಹೊರಡುವಾಗ ಚಪ್ಪಲಿ ಮೆಟ್ಟುತ್ತ, “ಒಮ್ಮೆ ಬೀಡಿಗೆ ಬಾ ದಾನವ್ವ. ಅಕ್ಕನ ಮನಿ ಐತಿ. ಹಿತ್ತಲಾಗ ತಂಪ ಇರತೈತಿ, ಒಂದ ಬಿಲ್ವಪತ್ರಿ ಹಚ್ಚೀನಿ. ಅಲ್ಲೇ ಫರಸಿ ಮ್ಯಾಲ ಕುಂತ ಈ ಕತಿ ಬರದದ್ದು” ಎಂದ.

ಗೇಟು ಹಾಕಿದ ಸದ್ದಾದ ಮೇಲೆ ಅವಳು ಬಾಗಿಲಿಗೆ ಚಿಲಕ ಹಾಕಿ, ಮನೆಗೆ ಬಾ ಎಂದು ಪ್ರಸಾದನಿಗೆ ಫೋನ್ ಮಾಡಿದಳು.

ಪ್ರಸಾದ ಎಲ್ಲ ಕೇಳಿ, ಡೈರಿಯ ಆ ಪುಟವನ್ನು ತಾನೇ ಓದಿದ. “ಒಂದ ದಾರ, ಒಂದ ಡೈರಿ. ಪೊಲೀಸರು ಕೇಸ ತಗೋತಾರೋ ಇಲ್ಲೋ” ಎಂದ. “ತಗೋತಾರ, ತಗೋಬೇಕು” ಎಂದಳು. “ಆದ್ರ ಮೊದಲ ಇದನ್ನ ನಿಖಿತಾ ಕೇಳಬೇಕು. ಆ ಮನ್ಯಾಗ ಅಲ್ಲ, ನಾಕ ಮಂದ್ಯಾಗ. ಒಬ್ಬಾಕಿಗೆ ಫೋನಿನಾಗ ಹೇಳಿದ್ರ ಆಕಿ ಹೋಗಿ ಅವನ್ನ ಕೇಳತಾಳ. ಕೇಳಿದ ಮ್ಯಾಲ ಆಕಿ ಗತಿ ಏನು?” ಒಮ್ಮೆ ಆದ ತಪ್ಪು ಇನ್ನೊಮ್ಮೆ ಆಗಬಾರದಿತ್ತು.

ಭಾನುವಾರದವರೆಗಿನ ನಾಲ್ಕು ದಿನ ಹೇಗೆ ಕಳೆದವೋ ಅವಳಿಗೇ ಗೊತ್ತು. ಪುಸ್ತಕ ಮುಟ್ಟಲಿಲ್ಲ. ಫೋನ್ ಬಂದರೆ ಮೊದಲು ನಿಖಿತಾಳ ಹೆಸರಿದೆಯೇ ಎಂದು ನೋಡುತ್ತಿದ್ದಳು. ಡೈರಿಯಲ್ಲಿ ನಾಲ್ಕು ದಿನವೂ ‘ಓದಲಿಲ್ಲ. ಹೆದರಿಕೆ’ ಎಂದು ಬರೆದಳು.

ಖಾನಾಪುರದ ಸಭಾಭವನದಲ್ಲಿ ನೂರು ಜನರಿದ್ದರು. ಗುರುಪುತ್ರಪ್ಪನ ಹಳೆಯ ವಿದ್ಯಾರ್ಥಿಗಳು, ಮಾಸ್ತರರು, ಬೀಡಿಯ ಹಿರಿಯರು, ಮರಾಠಿ ಮಾತಾಡುವ ನೆಂಟರು. ನಿರೂಪಣೆ ನಿಖಿತಾಳದು. ಹೊಸ ಇಳಕಲ್ ಸೀರೆ ಉಟ್ಟು, ಒಂದೊಂದು ಹೆಸರು ಕರೆದಾಗಲೂ ಅಪ್ಪನ ಕಡೆ ನೋಡಿ ಹಿಗ್ಗುತ್ತಿದ್ದಳು. ಆ ಹಿಗ್ಗನ್ನು ನೋಡಿ ದಾನೇಶ್ವರಿಗೆ ಒಂದು ಕ್ಷಣ ಎದ್ದು ಮನೆಗೆ ಹೋಗಿಬಿಡೋಣ ಎನ್ನಿಸಿತು. ಈ ಹುಡುಗಿಗೆ ಇರುವವನು ಅಪ್ಪನೊಬ್ಬ. ಅವನನ್ನೂ ಕಿತ್ತುಕೊಂಡರೆ ಏನು ಉಳಿಯುತ್ತದೆ? ಪ್ರಸಾದ ಹಿಂದಿನ ಬಾಗಿಲ ಹತ್ತಿರ, ಕೈಯಲ್ಲಿ ಡೈರಿಯ ಹಾಳೆಯ ಝೆರಾಕ್ಸ್ ಹಿಡಿದು ನಿಂತಿದ್ದ. ಬಾಜುವಿಗೆ ಕೂತ ಗುರುಪುತ್ರಪ್ಪ ಬಾಗಿ, “ಭಾಳ ಹೊಗಳಬ್ಯಾಡ” ಎಂದು ನಕ್ಕ.

ಅವಳು ಎದ್ದಳು.

“ಐದು ಕಥೆಗಳ ಬಗ್ಗೆ ನಾನು ಮಾತಾಡೂದಿಲ್ಲ” ಎಂದಳು. ಜನ ನಕ್ಕರು, ಅವಳ ಖ್ಯಾತಿ ಖಾನಾಪುರಕ್ಕೂ ಬಂದಿತ್ತು. “ಆರನೇದು ಖರೇ ಕಥಿ. ಅದರಾಗಿನ ಒಂದ ಸಾಲು ಓದತೀನಿ.” ಎಪ್ಪತ್ತೊಂದನೆಯ ಪುಟ ತೆಗೆದು ಓದಿದಳು. ಕನ್ನಡಕ ಮಸುಕಾಗಿತ್ತು, ಆದರೂ ಓದಿದಳು, ಬಾಯಿಪಾಠವಾಗಿತ್ತು. ಆಮೇಲೆ ಚೀಲದಿಂದ ಹಳೆಯ ಡೈರಿ ತೆಗೆದಳು.

“ಇದು ನನ್ನ ಓದಿನ ಡೈರಿ. ನಮ್ಮಕ್ಕ ಗೌರವ್ವ ಖಾಸಬಾಗದಿಂದ ಬಸ್ ಹತ್ತಿದ ದಿನದ್ದು. ಆಕಿ ಬೀಡ್ಯಾಗ ಇಳೀಲೇ ಇಲ್ಲಂತ ನಮಗ ಮಾಮಾ ಹೇಳಿದ್ರು. ‘ಗುರುವಾರ, ನವೆಂಬರ್ ಏಳು. ಇವತ್ತು ಓದಲಿಲ್ಲ. ಅಕ್ಕ ಬಂದಿದ್ದಳು. ಅವಳಿಗೆ ಹೊಸ ಶಿವದಾರ ಹೆಣೆದೆ. ಬಿಳಿ ನೂಲು ಸಾಲದೆ ನಾಲ್ಕು ಬೆರಳು ಹಸಿರು ಸೇರಿಸಿದೆ. ಹಾಕಿಕೊಂಡೇ ಹೋದಳು. ಎರಡರ ಬಸ್ಸಿಗೆ.’” ದಾನೇಶ್ವರಿ ಗುರುಪುತ್ರಪ್ಪನ ಕಡೆ ತಿರುಗಿದಳು. “ಮೊನ್ನೆ ನಿಮಗ ಸುಳ್ಳ ಹೇಳಿದ್ನಿ ಮಾಮಾ. ಆ ದಾರ ಆಕಿ ಕೊಳ್ಳಾಗ ಬಿದ್ದದ್ದು ಅವತ್ತ ಮುಂಜಾನೆ. ನೀವು ಎಲ್ಲಿ ನೋಡಿದ್ರಿ?”

ಗುರುಪುತ್ರಪ್ಪ ಮಡಿಚಿಟ್ಟ ಶಾಲನ್ನು ಬಿಚ್ಚಿ ಮತ್ತೆ ಮಡಿಚಿದ.

“ದಾನವ್ವ, ಅದು ಕತಿ” ಎಂದ. “ಕತಿಯೊಳಗ ಏನರ ಬರೀತಾರ.”

“ಬರೀತಾರ್ರಿ. ಆದ್ರ ಇದು ಕತಿಗೆ ಬೇಕಾಗಿದ್ದಿಲ್ಲ.”

ಅವನು ಸಭೆಯ ಕಡೆ ನೋಡಿದ, ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಪ್ರಸಾದನ ಬಾಜುವಿಗೆ ಬೀಡಿಯ ಮೂವರು ಹಿರಿಯರು ಎದ್ದು ಬಂದು ನಿಂತಿದ್ದರು. ಬೀಡಿಯ ಮನೆಯ ಹಿತ್ತಲು ಅವರಿಗೆಲ್ಲ ಗೊತ್ತಿತ್ತು. ಎಮ್ಮೆ ಮಾರಿದ ಮೇಲೆ ಕಲ್ಲು ಹಾಸುವ ಗೌಂಡಿಯನ್ನೂ ಕರೆಯದೆ ಅವನೇ ಕೂತು ಫರಸಿ ಹಾಕಿದ್ದು, ಸೋಮವಾರ ಸೋಮವಾರ ಆ ಫರಸಿಗೆ ವಿಭೂತಿ ಹಚ್ಚಿ ಪತ್ರಿ ಏರಿಸುವುದು, ಕೇಳಿದರೆ ಹಿರಿಯರ ಗದ್ದುಗೆ ಎನ್ನುವುದು. ಕೊಂದವನಿಗೆ ಫರಸಿಯ ಕೆಳಗಿನವಳನ್ನು ಪೂಜೆಯಿಲ್ಲದೆ ಬಿಡುವ ಧೈರ್ಯವಿರಲಿಲ್ಲ.

ನಿಖಿತಾ ಮೈಕಿನ ಹತ್ತಿರವೇ ಇದ್ದಳು. ಚಿಗವ್ವ ಹೇಳಿದ್ದು ಅವಳಿಗೆ ಇನ್ನೂ ಪೂರ್ತಿ ಇಳಿದಿರಲಿಲ್ಲ, ಒಂದೊಂದೇ ಇಳಿಯುತ್ತಿತ್ತು. ಬಸ್ಸು. ಬೀಡಿ. ಬಾಜು ಮನೆಯ ನಿಂಗವ್ವನ ತೊಡೆಯ ಮೇಲೆ ಕಾಯುತ್ತ ಕೂತ ಎರಡು ವರ್ಷದ ತಾನು.

“ಅಪ್ಪಾ” ಎಂದಳು. “ಹಂಗಾರ ಆಕಿ ಮನಿಗೆ ಬಂದಿದ್ಲೇನ್ರಿ?”

ಗುರುಪುತ್ರಪ್ಪನ ಶಾಲು ಕೈಯಿಂದ ಜಾರಿ ಕೆಳಗೆ ಬಿತ್ತು, ಎತ್ತಿಕೊಳ್ಳಲೂ ಇಲ್ಲ.

ಹುಡುಗಿ ಅಪ್ಪನ ಮುಖವನ್ನು ನೋಡಿದಳು. ಆಮೇಲೆ ಮಾತಾಡಿದಾಗ ಅದು ಯಾರಿಗೂ ಹೇಳಿದ ಹಾಗಿರಲಿಲ್ಲ, ಆದರೆ ಮೈಕು ಇನ್ನೂ ಚಾಲೂ ಇತ್ತು, ಹೊರಗಿನ ರಸ್ತೆಯವರಿಗೂ ಕೇಳಿತು.

“ಅವ್ವ ನನ್ನ ಕರಕೊಳ್ಳಾಕ ಬಂದಿದ್ಲು.”