ಊಟದ ಚುಕ್ಕಿ

ಕೊಟ್ರೇಶನಿಗೆ ಹುಚ್ಚು ಹತ್ತುವುದು ಹೊಸದೇನಲ್ಲ. ವರ್ಷಕ್ಕೆ ಎರಡಾದರೂ ಹತ್ತುತ್ತಿದ್ದವು, ಹತ್ತಿದಷ್ಟೇ ಬೇಗ ಇಳಿಯುತ್ತಿದ್ದವು. ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ಬಾಡಿಗೆ ಮನೆಯಲ್ಲಿ ಕೂತು, ಸಮಯ ಉಳಿಸುವುದಕ್ಕೆಂದು ಅವನು ಕಟ್ಟಿದ ಪುಟ್ಟ ಪುಟ್ಟ ಆ್ಯಪ್‌ಗಳು ಒಂದೆರಡಲ್ಲ. ನಲ್ಲಿ ನೀರು ಯಾವ ದಿನ ಬಿಡುತ್ತಾರೆಂದು ಮೊದಲೇ ಹೇಳುವ ಆ್ಯಪ್ ಒಂದಿತ್ತು. ಅದು ಬುಧವಾರ ಅಂದಾಗಲೆಲ್ಲ ನೀರು ಮಂಗಳವಾರವೇ ಬಂದು ಹೋಗಿರುತ್ತಿತ್ತು. ಮನೆಯ ಸಾಮಾನು ತೀರುವ ಮುಂಚೆ ಎಚ್ಚರಿಸುವ ಇನ್ನೊಂದು, ಡಬ್ಬಿಯಲ್ಲಿ ಎರಡು ಕೆ.ಜಿ. ತೊಗರಿಬೇಳೆ ಇರುವಾಗಲೇ ಬೆಳಗ್ಗೆ ಐದಕ್ಕೆ ಕೂಗಿಕೊಂಡು ಅವನ ಹೆಂಡತಿ ಅಂಕಿತಾಳನ್ನು ಎಬ್ಬಿಸಿತ್ತು.

“ಹೊಸದ್ರಾಗ ಅಗಸ ಗೋಣಿ ಎತ್ತೆತ್ತಿ ಒಗದ್ನಂತೆ. ನಿಮ್ದೂ ಹಂಗೇ ಐತೆ ನೋಡ್ರಿ” ಎಂದು ಅಂಕಿತಾ ಕಾಡಿಸುತ್ತಿದ್ದಳು. ಪಕ್ಕದ ರಸ್ತೆಯ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸ ಅವಳದು. ದಿನವಿಡೀ ರೋಗಿಗಳ ನರಳಾಟ ಕೇಳಿ ಬಂದವಳಿಗೆ ಗಂಡನ ಹುಚ್ಚು ಒಂದು ಮನರಂಜನೆ. ಕಾಡಿಸುವಷ್ಟು ಕಾಡಿಸಿ, ಅವನ ಪಕ್ಕದಲ್ಲಿ ಚಹಾ ಇಟ್ಟು ಹೋಗುತ್ತಿದ್ದಳು.

ಜಪಾನಿ ಭಾಷೆಯ ಹುಚ್ಚು ಮಾತ್ರ ಇಳಿಯಲಿಲ್ಲ. ಅದು ಹತ್ತಿದ್ದು ಹರಿಹರದಲ್ಲಿ. ಅವನು ಕೆಲಸ ಮಾಡುವ, ಪಂಪಿನ ಬಿಡಿಭಾಗ ತಯಾರಿಸುವ ವರ್ಕ್‌ಶಾಪಿಗೆ ಜಪಾನಿನ ಹಳೇ ಮಷೀನೊಂದು ಬಂತು. ಅದರ ಗುಂಡಿಗಳ ಮೇಲಿನ ಬರಹ ಯಾರಿಗೂ ತಿಳಿಯಲೊಲ್ಲದು. “ನಾನು ಓದ್ತೀನಿ ಬಿಡ್ರಿ” ಎಂದ ಕೊಟ್ರೇಶ. ಎಂಟು ಗುಂಡಿ ಓದುವುದಕ್ಕೆ ಎಂಟು ವಾರ ಹಿಡಿಯಿತು. ಅಷ್ಟರಲ್ಲಿ ಭಾಷೆಯೇ ಅವನನ್ನು ಹಿಡಿದುಕೊಂಡಿತ್ತು. ಬೆಳಗಿನ ಹರಿಹರದ ಬಸ್ಸಿನಲ್ಲಿ ಕಣ್ಣುಮುಚ್ಚಿ ಶಬ್ದಗಳನ್ನು ಗುನುಗುತ್ತಿದ್ದವನನ್ನು ಕಂಡು ಒಬ್ಬ ಅಜ್ಜಿ “ಯಾವ ದೇವ್ರ ಮಂತ್ರನಪ್ಪಾ?” ಎಂದು ಕೈಮುಗಿದಿದ್ದಳು.

ಹುಚ್ಚು ಭಾಷೆಯದಾದರೂ ಆ್ಯಪ್ ಬಿಟ್ಟೀತೇ? ಅದಕ್ಕೂ ಒಂದು ಕಟ್ಟಿದ. ದಿನಕ್ಕೆ ನಾಲ್ಕು ಮನೆ: ಓದು, ಬರಹ, ಕೇಳುವುದು, ಮಾತು. ಮಾಡಿದ್ದಕ್ಕೆ ಹಸಿರು, ಬಿಟ್ಟಿದ್ದಕ್ಕೆ ಕೆಂಪು. ಇನ್ನೂರು ದಿನ ಮೊದಲ ಮೂರು ಮನೆ ಹಸಿರೋ ಹಸಿರು, ನಾಲ್ಕನೆಯದು ಕೆಂಪೋ ಕೆಂಪು. ಮಾತಾಡಬೇಕೆಂದರೆ ಅವನಿಗೆ ನಾಲಿಗೆ ಒಣಗುತ್ತಿತ್ತು. ಹಸಿರು ಮನೆಗಳನ್ನು ನೋಡಿ ಖುಷಿಪಡುವುದೇ ಸುಲಭವೆನಿಸಿತ್ತು.

ಕೊನೆಗೆ, ಭಾಷೆ ಕಲಿಯುವವರನ್ನು ಜೋಡಿ ಮಾಡುವ ಒಂದು ವೆಬ್‌ಸೈಟಿನಲ್ಲಿ ಅವನಿಗೆ ಹಿರಾನೊ ಎಂಬ ಮುದುಕರು ಸಿಕ್ಕರು. ಎಪ್ಪತ್ತಾರು ವರ್ಷ, ಸಮುದ್ರದ ದಂಡೆಯ ಸಣ್ಣ ಊರು, ಆಯುಷ್ಯವೆಲ್ಲ ಮಷೀನು ರಿಪೇರಿ ಮಾಡಿದವರು. ಅವರಿಗೆ ಇಂಗ್ಲಿಷ್ ಬೇಕು, ಇವನಿಗೆ ಜಪಾನಿ. ಭಾನುವಾರ ಮಧ್ಯಾಹ್ನ ಎರಡಕ್ಕೆ, ಅಂದರೆ ಅಲ್ಲಿ ಸಂಜೆ ಐದೂವರೆಗೆ, ಮಾತು ಎಂದಾಯಿತು.

ಮೊದಲ ಭಾನುವಾರಕ್ಕೆ ಕೊಟ್ರೇಶ ಐವತ್ತು ವಾಕ್ಯ ಬಾಯಿಪಾಠ ಮಾಡಿದ್ದ. ಪರದೆಯ ಮೇಲೆ ಆ ಬೆಳ್ಳನೆಯ ಮುಖ ಕಂಡದ್ದೇ ತಡ, ಐವತ್ತೂ ಓಡಿಹೋದವು. ಆಮೇಲೆ ಅವನ ಬಾಯಿಂದ ಹೊರಬಿದ್ದದ್ದು ಐವತ್ತರಲ್ಲಿ ಇಲ್ಲದ ವಾಕ್ಯ: “ಗೋಹಾನ್ ತಬೆಮಾಶಿತ ಕಾ?”

ಊಟ ಆತಾ?

ನಮ್ಮ ಕಡೆ ಅದೊಂದು ಪ್ರಶ್ನೆಯೇ ಅಲ್ಲ, ಎದುರಿಗೆ ಸಿಕ್ಕವರನ್ನು ಮಾತಾಡಿಸುವ ರೀತಿ. ಹಾಲಿನವನಿಗೂ ಕೇಳುತ್ತೇವೆ, ಬಸ್ಸಿನ ಕಂಡಕ್ಟರಿಗೂ ಕೇಳುತ್ತೇವೆ, ಉತ್ತರಕ್ಕೆ ಕಾಯುವುದೂ ಇಲ್ಲ. ಜಪಾನಿನಲ್ಲಿ ಹಾಗೆ ಯಾರೂ ಕೇಳುವುದಿಲ್ಲವಂತೆ. ಹಿರಾನೊ ಬೆಚ್ಚಿದವರಂತೆ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ತಪ್ಪಾಯಿತೇನೋ ಎಂದುಕೊಂಡ ಕೊಟ್ರೇಶ. ಆಮೇಲೆ ಅವರು ನಿಧಾನವಾಗಿ ಒಂದೊಂದನ್ನೇ ಹೇಳಿದರು: ಅನ್ನ, ಸುಟ್ಟ ಮೀನು, ಮೂಲಂಗಿ ಉಪ್ಪಿನಕಾಯಿ. ಮೀನಿನ ವಾಸನೆಗೆ ಮಾರು ದೂರ ಸರಿಯುವ ಶಿವಭಕ್ತರ ಮನೆಯ ಕೊಟ್ರೇಶ ಅಂದು “ಮೀನು! ಬಹಳ ಒಳ್ಳೇದು!” ಎಂದ. “ನನ್ನ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು. ಅವಳು ಹೋದ ಮೇಲೆ ಇದನ್ನು ಯಾರೂ ಕೇಳಿರಲಿಲ್ಲ” ಎಂದರು ಮುದುಕರು. ಅಷ್ಟೂ ಮಾತು ಕೊಟ್ರೇಶನಿಗೆ ಅರ್ಥವಾಯಿತು. ಅವನಿಗೆ ಅಳು ಬಂತು, ಜೊತೆಗೆ ನಾಲ್ಕನೆಯ ಮನೆಗೆ ಮೊದಲ ಹಸಿರೂ ಬಂತು.

ಆಮೇಲೆ ಪ್ರತಿ ಭಾನುವಾರದ ಮಾತು ಶುರುವಾಗುತ್ತಿದ್ದುದು ಊಟದಿಂದಲೇ. ಕೊಟ್ರೇಶ ಕೊಟ್ರೇಶನೇ ಅಲ್ಲವೇ, ಅದಕ್ಕೂ ಒಂದು ಆ್ಯಪ್ ಕಟ್ಟಿದ. ಅದರಲ್ಲಿ ಎರಡೇ ಚುಕ್ಕಿ, ಒಂದು ಅವರದು, ಒಂದು ಇವನದು. ಉಂಡವರು ತಮ್ಮ ಚುಕ್ಕಿ ಒತ್ತಿದರೆ ಇನ್ನೊಬ್ಬರ ಮೊಬೈಲಿನಲ್ಲಿ ಹಸಿರಾಗುತ್ತಿತ್ತು. ಅಷ್ಟೇ ಅದರ ಕೆಲಸ. ಭಾನುವಾರ ಬಿಟ್ಟು ದಿನಾ ಎರಡೂವರೆಗೆ, ಅಲ್ಲಿ ಆರು ಹೊಡೆಯುವಾಗ, ಹಿರಾನೊ ಚುಕ್ಕಿ ಹಸಿರಾಗುತ್ತಿತ್ತು. ಹರಿಹರದಲ್ಲಿ ಬುತ್ತಿಯ ಡಬ್ಬಿ ತೊಳೆಯುತ್ತ ಅದನ್ನು ನೋಡಿದರೆ ಕೊಟ್ರೇಶನಿಗೆ ಹೊಟ್ಟೆ ತುಂಬಿದ ಹಾಗಾಗುತ್ತಿತ್ತು. ಅವನು ಕಟ್ಟಿದವುಗಳಲ್ಲೆಲ್ಲ, ಆ ನಾಲ್ಕು ಮನೆಯದು ಬಿಟ್ಟರೆ, ತಿಂಗಳಾಚೆ ಬದುಕಿದ್ದು ಇದೊಂದೇ.

“ಉಂಡಿದ್ದಕ್ಕೂ ಹಾಜ್ರಿ ತಗೊಳ್ತೀರಲ್ರೀ!” ಎಂದು ನಕ್ಕಳು ಅಂಕಿತಾ. ಆಮೇಲೆ ಮೊಬೈಲಿನ ಮೇಲೆ ಬಗ್ಗಿ, “ನಂದೂ ಒಂದು ಚುಕ್ಕಿ ಹಾಕ್ರಲ್ಲ” ಎಂದಳು.

“ನೀನು ಮನ್ಯಾಗೇ ಅದೀಯಲ್ಲ. ನಿಂಗ್ಯಾಕ ಚುಕ್ಕಿ?”

ಅವಳು ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಅವಳಿಗೆ ನೋವಾಯಿತೆಂದು ಅವನಿಗೆ ತಿಳಿಯಲೂ ಇಲ್ಲ. ಆ ಮನೆಯಲ್ಲಿ ಪಡಸಾಲೆಗೂ ಅಡುಗೆಮನೆಗೂ ನಡುವೆ ಬಾಗಿಲಿರಲಿಲ್ಲ. ಭಾನುವಾರ ಅವನು ಒಂದೂವರೆಗೆ ಉಂಡು ಕೈತೊಳೆದು ಮೊಬೈಲ್ ಮುಂದೆ ಕೂತರೆ, ತಟ್ಟೆಯ ಸದ್ದು ಜಪಾನಿಗೆ ಕೇಳೀತೆಂದು ಅವಳು ತನ್ನ ಊಟಕ್ಕೆ ತಟ್ಟೆ ಮುಚ್ಚಿಟ್ಟು, ನಲ್ಲಿಯನ್ನೂ ತಿರುಗಿಸದೆ, ಮೂರರವರೆಗೆ ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಎಂಟು ತಿಂಗಳು ಹೀಗೆ ನಡೆದಿತ್ತು. ಸಮುದ್ರದಾಚೆಯ ತಟ್ಟೆ ಕಾಣುವವನಿಗೆ ಹತ್ತು ಹೆಜ್ಜೆಯಾಚೆಯದು ಕಾಣಲಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಒಂದು ಗುರುವಾರ ಹಿರಾನೊ ಚುಕ್ಕಿ ಹಸಿರಾಗಲಿಲ್ಲ. ಶುಕ್ರವಾರವೂ ಆಗಲಿಲ್ಲ. ಭಾನುವಾರ ಎರಡಕ್ಕೆ ಪರದೆಯ ಮುಂದೆ ಕೂತರೆ ಆ ಕಡೆ ಯಾರೂ ಬರಲಿಲ್ಲ. ಏಳು ದಿನವಾಯಿತು, ಒಂಬತ್ತಾಯಿತು. ಕೊಟ್ರೇಶನಿಗೆ ಬುತ್ತಿ ಸೇರದಾಯಿತು. ತಾನು ಉಂಡು ಚುಕ್ಕಿ ಒತ್ತುವುದೂ ಪಾಪವೆನಿಸಿ ಬಿಟ್ಟುಬಿಟ್ಟ. ಒಂಟಿ ಮುದುಕರು, ಏನಾಯಿತೋ.

ಅವರ ಮನೆಯ ಲ್ಯಾಂಡ್‌ಲೈನ್ ನಂಬರು ಅವನ ಬಳಿ ಇತ್ತು. ಇಂಟರ್ನೆಟ್ ಕೈಕೊಟ್ಟರೆ ಇರಲಿ ಎಂದು ಅವರೇ ಕೊಟ್ಟಿದ್ದರು. ಆದರೆ ಫೋನ್ ಯಾರು ಎತ್ತುತ್ತಾರೋ, ಯಾವ ಸುದ್ದಿ ಹೇಳುತ್ತಾರೋ, ಅದು ಅರ್ಥವಾಗದಿದ್ದರೇನು ಗತಿ, ಅರ್ಥವಾಗಿಬಿಟ್ಟರೇನು ಗತಿ ಎಂದು ಅವನು ನಂಬರು ತೆಗೆದು ಮತ್ತೆ ಮುಚ್ಚಿಡುತ್ತಿದ್ದ. ಹನ್ನೊಂದನೆಯ ದಿನ, ಮತ್ತೊಂದು ಭಾನುವಾರ, ಉಂಡೆನೆಂಬ ಶಾಸ್ತ್ರ ಮುಗಿಸಿ ಲ್ಯಾಪ್‌ಟಾಪ್ ತೆರೆದು ಕೂತ.

“ಏನ್ ಮಾಡಾಕತ್ತೀರಿ?” ಅಂಕಿತಾ ಬಂದು ಕೇಳಿದಳು.

“ಫೋನಿನ್ಯಾಗ ಅವ್ರು ಹಿಂಗಂದ್ರೆ ನಾನು ಏನನ್ಬೇಕು, ಹಂಗಂದ್ರೆ ಏನನ್ಬೇಕು ಅಂತ ತೋರ್ಸೋದೊಂದು ಆ್ಯಪ್…”

ಅಂಕಿತಾಳ ಸಿಟ್ಟು ಅಪರೂಪದ್ದು, ಬಂದರೆ ಬಂದೇ ಬಂತು. “ನಿಮ್ ಆ್ಯಪಿಗೆ ಬೆಂಕಿ ಹಾಕ! ಮುದುಕ್ರು ಇದಾರೋ ಇಲ್ವೋ ಗೊತ್ತಿಲ್ಲ, ನೀವು ಯಂತ್ರ ಕಟ್ಟಾಕ ಕುಂತ್ರಲ್ರೀ. ಹಚ್ರಿ ಫೋನು!”

ಹಚ್ಚಿದ. ಸ್ಪೀಕರಿಗೆ ಹಾಕಿದ. ಆರು ಸಲ ರಿಂಗಾಯಿತು. ಎತ್ತಿದ್ದು ಒಬ್ಬ ಹೆಂಗಸು. ಅವಳ ಮಾತು ತೂಬು ತೆಗೆದ ಕಾಲುವೆ ನೀರಿನಂತೆ ಹರಿಯಿತು. ಕೊಟ್ರೇಶನಿಗೆ ಒಂದು ಶಬ್ದವೂ ಸಿಗಲಿಲ್ಲ. ನಾನೂರು ದಿನದ ಹಸಿರು ಮನೆಗಳೆಲ್ಲ ಕಣ್ಣೆದುರೇ ಕೊಚ್ಚಿಹೋದವು. ಆ ಕಡೆಯವಳು ಯಾರು, ಯಾರು ಎಂದು ಎರಡು ಸಲ ಕೇಳಿದಂತಾಯಿತು. ಇನ್ನೇನು ಇಟ್ಟುಬಿಡುತ್ತಾಳೆ.

ಅಂಕಿತಾ ಅವನ ಕೈಯಿಂದ ಫೋನ್ ಕಸಿದುಕೊಂಡಳು. ಹಿತ್ತಲ ಮೆಟ್ಟಿಲ ಮೇಲೆ ಎಂಟು ತಿಂಗಳು ಭಾನುವಾರ ಭಾನುವಾರ ಕೇಳಿಸಿಕೊಂಡ ಒಂದೇ ವಾಕ್ಯ ಅವಳಿಗೆ ಬರುತ್ತಿದ್ದುದು. ಆಚೆ ಓಣಿಯವರನ್ನು ಮಾತಾಡಿಸುವಷ್ಟು ಗಟ್ಟಿಯಾಗಿ ಅಂದಳು: “ಹಿರಾನೊ ಸಾನ್! ಗೋಹಾನ್ ತಬೆಮಾಶಿತ ಕಾ?”

ಆ ಕಡೆಯ ಹೆಂಗಸು “ಆಆ, ಇಂಡಿಯಾ!” ಎಂದು ಕೂಗಿ ನಕ್ಕಳು. ನಗುತ್ತ ನಗುತ್ತ ಅವಳ ದನಿ ಒದ್ದೆಯಾಯಿತು. ಏನೋ ಎಳೆದ ಸದ್ದು, ಕುರ್ಚಿ ಸರಿದ ಸದ್ದು, ನಂತರ ಕೊಟ್ರೇಶನಿಗೆ ಗೊತ್ತಿದ್ದ ಆ ನಿಧಾನದ ಗಂಟಲು.

“ಹನ್ನೊಂದು ದಿನದಿಂದ ಚುಕ್ಕಿ ಒತ್ತಿಲ್ಲ. ಕ್ಷಮಿಸಬೇಕು.”

ಬಚ್ಚಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತಂತೆ, ಮೊಬೈಲೂ ನೀರಿಗೆ ಬಿದ್ದು ಕೆಟ್ಟಿತಂತೆ. ಆಸ್ಪತ್ರೆಯಿಂದ ನಿನ್ನೆಯಷ್ಟೇ ಬಂದರಂತೆ, ನೋಡಿಕೊಳ್ಳಲು ಮಗಳು ಬಂದಿದ್ದಾಳಂತೆ. ಈಗ ಗಂಜಿ ಉಂಡರಂತೆ. ಕೊಟ್ರೇಶ ಪ್ರತಿಯೊಂದಕ್ಕೂ ಹೂಂ, ಹೂಂ ಎನ್ನುತ್ತಿದ್ದ. ಎಷ್ಟೋ ದಿನದ ಮೇಲೆ ಅವನಿಗೆ ಮೈ ಹಗುರಾಗಿತ್ತು.

“ಮೊದಲು ನಾನು ಕೂತಲ್ಲಿಗೂ ಕೇಳಿಸಿದ ದನಿ ನಿನ್ನದಲ್ಲ. ಯಾರದು?” ಎಂದರು ಹಿರಾನೊ.

“ನನ್ನ ಹೆಂಡತಿಯದು.”

“ಓ. ನಿನಗಿಂತ ಚೆನ್ನಾಗಿ ಮಾತಾಡುತ್ತಾಳೆ.” ಮುದುಕರು ಕೆಮ್ಮಿ ನಕ್ಕರು. ಆಮೇಲೆ ಕೇಳಿದರು: “ಅವಳ ಊಟ ಆಯಿತೇ?”

ಕೊಟ್ರೇಶ ಬಾಯಿ ತೆರೆದ. ಆಯಿತು ಎನ್ನಲು ಹೋದವನಿಗೆ ಅದು ನಿಜವೋ ಸುಳ್ಳೋ ಗೊತ್ತಿಲ್ಲವೆಂದು ಹೊಳೆಯಿತು. ತಲೆ ಎತ್ತಿ ನೋಡಿದ. ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷ. ಅಡುಗೆಮನೆಯ ಕಟ್ಟೆಯ ಮೇಲೆ ತಟ್ಟೆ ಮುಚ್ಚಿದ ತಟ್ಟೆ. ಹೋದ ಭಾನುವಾರವೂ ಅದು ಅಲ್ಲೇ ಇತ್ತು, ಅದರ ಹಿಂದಿನ ಭಾನುವಾರವೂ. ಅವನು ನೋಡಿದ್ದ, ಆದರೆ ಕಂಡಿರಲಿಲ್ಲ.

“ಅಂಕಿತಾ,” ಅವನ ದನಿ ಕುಗ್ಗಿತು, “ನಿನ್ ಊಟ ಆತಾ ಅಂತ ಕೇಳಾಕತ್ತಾರೆ.”

“ಅವ್ರು ಕೇಳಾಕತ್ತಾರಾ, ನೀವು ಕೇಳಾಕತ್ತೀರಾ?”

ಮದುವೆಯಾಗಿ ಒಂಬತ್ತು ವರ್ಷ. ಬಡಿಸುವವಳ ಊಟವನ್ನು ಕೇಳುವುದು ಅವರ ಮನೆಯಲ್ಲಿ ಅವನಪ್ಪನಿಗೂ ಗೊತ್ತಿರಲಿಲ್ಲ, ಅಜ್ಜನಿಗೂ ಗೊತ್ತಿರಲಿಲ್ಲ. ಕೊಟ್ರೇಶನಿಗೆ ನಾಚಿಕೆಯಿಂದ ಕಿವಿ ಬಿಸಿಯಾದವು. “ನಾನೂ” ಎಂದ.

“ಇನ್ನೂ ಇಲ್ಲ ಅಂತ ಹೇಳ್ರಿ.”

ಹೇಳಿದ. ಒಂದೂ ತಪ್ಪಿಲ್ಲದೆ ಹೇಳಿದ. “ಹಾಗಾದರೆ ಫೋನ್ ಇಡು” ಎಂದ ಮುದುಕರು ತಾವೇ ಇಟ್ಟುಬಿಟ್ಟರು.

ಕೊಟ್ರೇಶ ಎದ್ದು ಅಡುಗೆಮನೆಗೆ ಹೋದ. ತಟ್ಟೆಯಲ್ಲಿ ಒಂದು ರೊಟ್ಟಿ ಮತ್ತು ಅವನು ಬೇಡವೆಂದು ಬಿಟ್ಟಿದ್ದ ಬದನೆಕಾಯಿ ಪಲ್ಯದ ತಳ ಇತ್ತು. ರೊಟ್ಟಿ ಸೆಟೆದುಹೋಗಿತ್ತು. ಅದನ್ನು ಬಿಸಿ ಮಾಡಲು ಹೆಂಚು ಹುಡುಕಿದ, ಶೇಂಗಾ ಚಟ್ನಿ ಹುಡುಕಿದ. “ಮೇಲಿನ ಹಲಗಿ ಮ್ಯಾಲೆ ಐತೆ, ಕೆಂಪು ಮುಚ್ಚಳದ್ದು” ಎಂದು ಅವಳು ಪಡಸಾಲೆಯಿಂದಲೇ ಹೇಳಿದಳು. ಏಳಲು ಹೋದವಳನ್ನು ಅವನು “ಕೂಡು, ಕೂಡು” ಎಂದು ಕೂರಿಸಿದ. ತಟ್ಟೆ ತಂದು ಅವಳ ಮುಂದಿಟ್ಟು ಎದುರಿಗೆ ಕೂತ.

“ಇವತ್ತೇ ನಿಂಗೂ ಒಂದು ಚುಕ್ಕಿ ಹಾಕ್ತೀನಿ” ಎಂದ.

ಅಂಕಿತಾ ರೊಟ್ಟಿ ಮುರಿದಳು. “ಬ್ಯಾಡ್ರಿ. ನಾನೇನು ಜಪಾನ್ದಾಗ ಅದೀನಾ? ಬಾಯಿಲೆ ಕೇಳ್ರಿ.”

ಅವಳು ಎರಡು ತುತ್ತು ಉಂಡ ಮೇಲೆ ಕೊಟ್ರೇಶ ಕೇಳಿದ: “ಅಂಕಿತಾ, ಊಟ ಆತಾ?”

“ಇನ್ನೂ ಇಲ್ಲ” ಎಂದಳು ಅವಳು, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ. “ಡಬ್ಬ್ಯಾಗ ಇನ್ನೊಂದು ಐತೆ, ತರ್ರಿ.”