ಎರಡಂಗುಲದ ಹಲಗೆ

ಗಾಳಿಗೆ ಬಿದ್ದ ನಮ್ಮ ಹಿತ್ತಲ ನೇರಳೆ ಮರವನ್ನು ಸಾಮಿಲ್ಲಿಗೆ ಸಾಗಿಸಿದ ದಿನ ಅಕ್ಕ ತಾನೂ ಬರುತ್ತೇನೆಂದು ಹಟ ಹಿಡಿದಳು. ಅವಳಿಗೆ ಹೆಚ್ಚೆಂದರೆ ಆರು ತಿಂಗಳು ಎಂದು ಡಾಕ್ಟರು ಹೇಳಿದ್ದರು. ಅದು ಅವಳಿಗೂ ಗೊತ್ತಿತ್ತು.

ಆ ಮರದಲ್ಲಿ ಊಟದ ಮೇಜು ಮಾಡಿಸುವುದಿತ್ತು. ಅಂಥದೊಂದು ಮೇಜು ಅವಳ ಹಳೆಯ ಆಸೆ. ಮಾಡಿಕೊಡಬೇಕಿದ್ದ ಭಾವ ಊರವರ ಬಾಗಿಲು, ಕಿಟಕಿಗಳಲ್ಲೇ ಮುಳುಗಿದ್ದು ಹಾಗೇ ಹೋಗಿಬಿಟ್ಟಿದ್ದರು. ಬಡಗಿಯ ಮನೆಯಲ್ಲಿ ನಲವತ್ತು ವರ್ಷ ಅಲುಗಾಡದ ಮೇಜೊಂದಿರಲಿಲ್ಲ ಎಂದು ಅಕ್ಕ ಆಡಿಕೊಳ್ಳುತ್ತಿದ್ದಳು.

ಸಾಮಿಲ್ಲಿನ ಮೇಸ್ತ್ರಿ ಅವಳನ್ನು ಕಂಡವನೇ ತನ್ನ ಕುರ್ಚಿಯನ್ನು ಮರದ ಹೊಟ್ಟು ಹಾರದ ಕಡೆ ಹಾಕಿ, ಮೇಲೊಂದು ಗೋಣಿಚೀಲ ಮಡಿಸಿ ಹಾಸಿದ. ನಾನು ಅವನನ್ನು ಪಕ್ಕಕ್ಕೆ ಕರೆದು, ಹಲಗೆಗಳನ್ನು ಅರ್ಧ ಅಂಗುಲಕ್ಕೇ ಕೊಯ್ಯಿ, ಬೇಗ ಒಣಗಲಿ ಎಂದೆ. ಅಷ್ಟು ತೆಳುವಾದರೆ ಒಣಗಿದ ಎಲೆಯ ಹಾಗೆ ಸೊಟ್ಟಗಾಗುತ್ತದೆ, ಮೇಜಿಗೆ ಎರಡಂಗುಲವಾದರೂ ಬೇಕು, ಅದು ನೆರಳಲ್ಲಿ ಒಣಗಲು ಎರಡು ವರ್ಷ ಎಂದ. ನಾನು ಕಾರಣ ಹೇಳಿದೆ. ಅವನು ಅಕ್ಕನತ್ತ ಒಮ್ಮೆ ನೋಡಿ, ಅರ್ಧ ಅಂಗುಲಕ್ಕೇ ಸೀಮೆಸುಣ್ಣದಲ್ಲಿ ಗೆರೆ ಎಳೆಯತೊಡಗಿದ.

ಗೆರೆ ಅಕ್ಕನ ಕಣ್ಣಿಗೆ ಬಿತ್ತು.

"ಮೇಸ್ತ್ರಿ, ಮೇಜಿಗೆ ಕೊಯ್ತಿದ್ದೀರೋ, ಗಾಳಿ ಬೀಸ್ಕೊಳ್ಳೋ ರಟ್ಟಿಗೋ?"

ಅವನು ನನ್ನನ್ನು ನೋಡಿದ. ನಾನು ನೆಲ ನೋಡಿದೆ.

"ಇವಳ ಮಾತು ಕೇಳಬೇಡಿ. ಎರಡಂಗುಲಕ್ಕೆ ಕೊಯ್ಯಿರಿ."

"ಎರಡು ವರ್ಷ ಬೇಕಂತೆ ಅಕ್ಕ."

"ಬಡಗಿ ಹೆಂಡತಿಗೆ ನೀನು ಹೇಳಿಕೊಡ್ತೀಯಾ? ಅರವತ್ತು ವರ್ಷ ಬೆಳೆದ ಮರ ಕಣೇ. ನನಗೋಸ್ಕರ ಅದನ್ನ ಹಾಳು ಮಾಡಬೇಡ."

ಗರಗಸ ಓಡಿತು. ಹಲಗೆ ಬಿಡಿಸಿಕೊಂಡಾಗ ಹಸಿ ಮರದ ಒಗರು ವಾಸನೆ ಎದ್ದಿತು. ಯಾರೂ ಹೇಳದೆಯೇ ಮೇಸ್ತ್ರಿ ನಡುವಿನ ಅಗಲವಾದ ಹಲಗೆಯನ್ನು ಎರಡು ಮರದ ತುಂಡುಗಳ ಮೇಲೆ ಮೇಜಿನೆತ್ತರಕ್ಕೆ ಇಡಿಸಿ, ಕುರ್ಚಿಯನ್ನು ಹತ್ತಿರಕ್ಕೆಳೆದ. ಅಕ್ಕ ಎರಡೂ ಅಂಗೈ ಊರಿ ಕೂತಳು. ಆಮೇಲೆ ಚೀಲದಿಂದ ಭಾವನ ಮೂಲೆಮಟ್ಟವನ್ನು ತೆಗೆದಳು. ಮೂಲೆ ನೇರವಿದೆಯೇ ಎಂದು ನೋಡಲು ಅವರು ದಿನವೂ ಹಿಡಿಯುತ್ತಿದ್ದ ಕಬ್ಬಿಣದ ಸಾಧನ. ಅದನ್ನು ಹಲಗೆಯ ಮೇಲಿಟ್ಟಳು.

"ಅಮ್ಮಾ, ಹಸಿ ನೇರಳೆ ಮೇಲೆ ಕಬ್ಬಿಣ ಇಟ್ರೆ ಕಪ್ಪು ಕಲೆ ಕೂರತ್ತೆ," ಎಂದ ಮೇಸ್ತ್ರಿ.

"ಗೊತ್ತಪ್ಪ," ಎಂದಳು ಅಕ್ಕ. ತೆಗೆಯಲಿಲ್ಲ.

ಉಳಿದ ದಿಮ್ಮಿ ಕೊಯ್ದು ಮುಗಿಯುವವರೆಗೂ ಅದು ಅಲ್ಲೇ ಇತ್ತು. ಕೆಲಸದವರು ಆ ಹಲಗೆಯನ್ನು ಮುಟ್ಟದೆ ಸುತ್ತುಹಾಕಿಕೊಂಡೇ ಓಡಾಡಿದರು.

ಅಕ್ಕ ನಾಲ್ಕನೆಯ ತಿಂಗಳಿಗೆ ಹೋದಳು. ಹಲಗೆಗಳು ಗಾಳಿಯಾಡಲು ನಡುನಡುವೆ ಪಟ್ಟಿ ಇಟ್ಟುಕೊಂಡು ಸಾಮಿಲ್ಲಿನ ಸೂರಿನ ಕೆಳಗೆ ಎರಡು ವರ್ಷ ಒಣಗಿದವು. ತುದಿ ಸೀಳದಿರಲೆಂದು ಮೇಸ್ತ್ರಿ ತಾನೇ ಬಣ್ಣ ಬಳಿದಿದ್ದ.

ಮೇಜು ಮಾಡಲು ಬಂದ ಬಡಗಿ ಕಲೆ ನೋಡಿ, ಉಜ್ಜುಗೊರಡು ನಾಲ್ಕು ಸಲ ಆಡಿಸಿದರೆ ಹೋಗುತ್ತದೆ ಎಂದ. ಬೇಡವೆಂದೆ. ಅವನು ಕಲೆಯಿದ್ದ ಮೈಯನ್ನು ಕೆಳಮುಖ ಮಾಡಿ, ಮೇಲಿನ ಮೈಯನ್ನಷ್ಟೇ ನಯಗೊಳಿಸಿದ.

ಮೇಜು ಅಲುಗಾಡುವುದಿಲ್ಲ. ಊಟಕ್ಕೆ ಕೂತಾಗ ನನ್ನ ಎಡಗೈ ತಾನಾಗಿ ಹಲಗೆಯ ಕೆಳಗೆ ಹೋಗುತ್ತದೆ. ಅಲ್ಲಿ ಗರಗಸದ ಒರಟು ಹಾಗೇ ಇದೆ. ಕಲೆ ಎಲ್ಲಿದೆಯೆಂದು ಬೆರಳಿಗೆ ತಿಳಿಯುವುದಿಲ್ಲ. ಅದು ನನ್ನ ಕುರ್ಚಿಯ ಕಡೆಗೇ ಬರುವಂತೆ ಹಲಗೆ ಕೂರಿಸಿದ್ದಾಗಿ ಬಡಗಿ ಹೇಳಿ ಹೋಗಿದ್ದಾನೆ.